ಮೆಣಸು ಜಜ್ಜಿದ ಉಕ್ಕು

ಮೂವತ್ತು ವರ್ಷ ಅಡುಗೆಮನೆಯಲ್ಲಿ ಕಾಳುಮೆಣಸು ಜಜ್ಜಿಕೊಂಡಿದ್ದ ಬೆರಳುದ್ದದ ಉಕ್ಕಿನ ತುಂಡೊಂದು, ಒಂದು ಮಧ್ಯಾಹ್ನ ಸೆಲಿನಮ್ಮನ ಕೈಚೀಲದಲ್ಲಿ ಕೂತು ವಾದ್ಯದಂಗಡಿಗೆ ಹೊರಟಿತು. ಮದುವೆಗೆ ಮುಂಚೆ ಸೆಲಿನಮ್ಮ ಅದನ್ನೇ ತಂತಿಗಳ ಮೇಲೆ ಜಾರಿಸಿ, ಕಾಲಲ್ಲಿ ಪೆಡಲು ಒತ್ತಿ, ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದರು. ಆಮೇಲೆ ಗಿಟಾರು ಹೋಯಿತು, ಉಕ್ಕು ಉಳಿಯಿತು.

ಅಂಗಡಿಯ ಮಬ್ಬು ಬೆಳಕಿನಲ್ಲಿ ಎರಡು ಗಿಟಾರುಗಳು ಮೇಜಿನಂತೆ ಕಾಲೂರಿಕೊಂಡು ತೂಕಡಿಸುತ್ತಿದ್ದವು.

"ನನಗೆ ಎಂಟು ಪೆಡಲು," ಎಂದಿತು ಹೊಳೆಯುವ ದೊಡ್ಡದು. "ನನ್ನನ್ನು ಕೊಂಡರೆ ಅಮ್ಮನವರು ಇಪ್ಪತ್ತೈದರ ವಯಸ್ಸಿನಲ್ಲಿ ನುಡಿಸಿದ ಹಾಗೆಯೇ ನುಡಿಸುತ್ತಾರೆ."

ಉಕ್ಕಿಗೆ ಆಸೆಯಾಯಿತು. ಆದರೂ ಮೂರೇ ಪೆಡಲಿನ ಸಣ್ಣ ಗಿಟಾರನ್ನು ಕೇಳಿತು, "ನೀವೇನು ಹೇಳುತ್ತೀರಿ?"

"ಇಪ್ಪತ್ತೈದರ ಆ ಹುಡುಗಿಯನ್ನು ನಾನು ನೋಡಿಲ್ಲ. ಈಗ ಬಂದವರು ಕೂರಲಿ."

ಸೆಲಿನಮ್ಮ ಮೊದಲು ದೊಡ್ಡದರ ಮುಂದೆ ಕೂತರು. ಅವರ ಪಾದ ಪೆಡಲಿಗಾಗಿ ತಡಕಾಡಿತು.

"ಅದಲ್ಲ, ಪಕ್ಕದ್ದು!" ಎಂದು ದೊಡ್ಡದು ಗದರಿತು. "ಆಗೆಲ್ಲ ಹೀಗೆ ತಡವರಿಸುತ್ತಿದ್ದಿರಾ?"

ಅವರು ನೋಯುವ ಮೊಣಕಾಲು ಹಿಡಿದುಕೊಂಡು ಎದ್ದು, ಸಣ್ಣದರ ಮುಂದೆ ಕೂತರು. ಕೈಚೀಲದಿಂದ ಹೊರಬಂದ ಉಕ್ಕು ತಂತಿಯ ಮೇಲೆ ಇಳಿಯಿತು. ಸ್ವರ ಕೂದಲೆಳೆಯಷ್ಟು ಕೆಳಗೆ ಬಿತ್ತು.

"ಅಪಶ್ರುತಿ!" ಎಂದು ದೊಡ್ಡದು ನಕ್ಕಿತು.

"ಇಲ್ಲ, ಇನ್ನೂ ದಾರಿಯಲ್ಲಿದೆ," ಎಂದಿತು ಸಣ್ಣದು, ತಂತಿಯ ಮಿಡಿತ ನಿಲ್ಲಿಸದೆ. "ಬರಲಿ, ಕಾಯುತ್ತೇನೆ."

ಉಕ್ಕು ಆ ಸ್ವರವನ್ನು ಬಿಡದೆ ಮೆಲ್ಲಗೆ ಮೇಲಕ್ಕೆ ಜಾರಿತು, ಸೇರಬೇಕಾದಲ್ಲಿ ಹೋಗಿ ಸೇರಿತು. ಅಂಗಡಿಯ ತುಂಬ ಸ್ವರ, ಸ್ವರದ ತುಂಬ ಮೆಣಸಿನ ಘಾಟು.