ಗೋಲು ಹೊಡೆಯದ ಆಟಗಾರ

ಮೇ ಇಪ್ಪತ್ತೆಂಟು. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ.

"ಬುದ್ಧಿ, ಜೀವನವೆಲ್ಲ ದುಡಿದವನು ಕೊನೆಗೆ ಒಮ್ಮೆಯಾದರೂ ನಾಲ್ಕು ಜನರ ಬಾಯಲ್ಲಿ ತನ್ನ ಹೆಸರು ಕೇಳಬೇಕೆಂದು ಆಸೆಪಟ್ಟರೆ ತಪ್ಪೇ?" ಎಂದು ಗುರುಮಲ್ಲಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಗುರುಮಲ್ಲಪ್ಪ ಮಠದ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹತ್ತನೆಯ ತರಗತಿಯ ಸಿ ವಿಭಾಗ ಅವನದು. ಫೇಲಾಗುವವರೆಂದು ಉಳಿದವರೆಲ್ಲ ಕೈಬಿಟ್ಟ ಮಕ್ಕಳು ಅಲ್ಲಿ ಕೂರುತ್ತಿದ್ದರು. ಅವನ ಕೈಯಲ್ಲಿ ಅವರು ಪಾಸಾಗುತ್ತಿದ್ದರು, ಅಷ್ಟೆ. ಬರೀ ಪಾಸಾದವರ ಫೋಟೊವನ್ನು ಯಾರೂ ಗೇಟಿಗೆ ಕಟ್ಟುವುದಿಲ್ಲ. ಗೇಟಿನ ಬ್ಯಾನರಿನಲ್ಲಿ ಪ್ರತಿವರ್ಷವೂ ಎ ವಿಭಾಗದ ಮಕ್ಕಳು ಇರುತ್ತಿದ್ದರು, ಅವರ ಪಕ್ಕದಲ್ಲಿ ಅವರ ಮೇಷ್ಟ್ರು. ಗುರುಮಲ್ಲಪ್ಪನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. "ಈ ಸಲ ಎ ವಿಭಾಗ ನೀವೇ ತಗೊಳ್ಳಿ ಮೇಷ್ಟ್ರೇ, ನಿಮ್ಮ ಫೋಟೊನೂ ಒಂದು ಸಲ ಬರಲಿ" ಎಂದು ಹೆಡ್‌ಮಾಸ್ಟರು ಪ್ರೀತಿಯಿಂದಲೇ ಹೇಳಿದ್ದರು. ನಾಳೆ ಉತ್ತರ ಕೊಡಬೇಕಿತ್ತು.

"ನಿನ್ನ ತರಗತಿಗೆ?" ಎಂದರು ಸ್ವಾಮಿಗಳು.

"ಯಾರನ್ನಾದರೂ ಹಾಕುತ್ತಾರಂತೆ, ಬುದ್ಧಿ."

ಸ್ವಾಮಿಗಳು ಒಂದು ಕತೆ ಹೇಳತೊಡಗಿದರು.

"ಭಕ್ತರು ಕರೆದರೆಂದು ನಾನೊಮ್ಮೆ ಆಸ್ಟ್ರೇಲಿಯಾಕ್ಕೆ ಹೋಗಿದ್ದೆನಲ್ಲ. ಅವರ ಪಕ್ಕದ ಮನೆಯಲ್ಲಿ ಒಬ್ಬ ಹಳೆಯ ಆಟಗಾರನಿದ್ದ. ಅವರ ಫುಟ್‌ಬಾಲ್ ನಮ್ಮಲ್ಲಿ ಆಡುವಂಥದ್ದಲ್ಲ. ಚೆಂಡು ಕೋಳಿಮೊಟ್ಟೆಯ ಆಕಾರ, ಕೈಯಲ್ಲೂ ಹಿಡಿಯಬಹುದು. ಮೈದಾನದ ಎರಡೂ ತುದಿಗಳಲ್ಲಿ ಸಾಲಾಗಿ ನಾಲ್ಕು ನಾಲ್ಕು ಕಂಬ. ಒದ್ದ ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ನುಗ್ಗಿದರೆ ಗೋಲು, ಆರು ಅಂಕ. ಪಕ್ಕಕ್ಕೆ ಜಾರಿದರೆ, ಇಲ್ಲವೇ ಕಾಯುವವನ ಕೈ ತಾಗಿ ಹೋದರೆ, ಒಂದೇ ಅಂಕ.

"ಈ ಆಟಗಾರ ಕಾಯುವವನು. ಹದಿನೈದು ವರ್ಷ ತನ್ನ ತಂಡದ ಕಂಬಗಳ ಮುಂದೆ ನಿಂತ. ಮೂಗು ಮುರಿಯಿತು, ಬೆರಳುಗಳು ಸೊಟ್ಟಗಾದವು. ಆ ಹದಿನೈದು ವರ್ಷದಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. 'ಯಾವ ಕಡೆಗೆ ಹೊಡೀಬೇಕು ಅಂತಾದರೂ ಗೊತ್ತೇನಯ್ಯಾ?' ಎಂದು ಊರಿನವರು ರೇಗಿಸುತ್ತಿದ್ದರು.

"ಅವರಲ್ಲೊಂದು ಪದ್ಧತಿಯಿದೆ. ಹೀಗೆ ಹಿಂದೆ ನಿಲ್ಲುವವನ ಕೊನೆಯ ಪಂದ್ಯದಲ್ಲಿ ಜೊತೆಗಾರರು ಅವನನ್ನು ಮುಂದಕ್ಕೆ ಕಳಿಸಿ, ಚೆಂಡನ್ನು ಹುಡುಕಿಕೊಂಡು ಅವನಿಗೇ ಒದ್ದು, ಒಂದು ಗೋಲು ಹೊಡೆಸುತ್ತಾರೆ. ಅದು ತಂಡದ ಉಡುಗೊರೆ. ಇವನ ಕೊನೆಯ ಪಂದ್ಯಕ್ಕೆ ತಾಯಿ, ಹೆಂಡತಿ, ಬೀದಿಯವರೆಲ್ಲ ಅದನ್ನು ನೋಡಲೆಂದೇ ಬಂದು ಕೂತಿದ್ದರು. ಅವನಿಗೂ ಆಸೆಯಿತ್ತು. ಇರಲಿಲ್ಲವೆಂದು ಅವನು ನನಗೆ ಹೇಳಲಿಲ್ಲ.

"ಆದರೆ ಆ ದಿನ ಆಟ ಬಿಗಿಯಾಯಿತು. ಇನ್ನೇನು ಮುಗಿಯಬೇಕು ಎನ್ನುವಾಗ ಅವನ ತಂಡ ಎರಡೇ ಅಂಕ ಮುಂದಿತ್ತು. ತರಬೇತುದಾರ ಒಬ್ಬನನ್ನು ಓಡಿಸಿ ಹೇಳಿಕಳಿಸಿದ: 'ಈಗ ಹೋಗದಿದ್ದರೆ ಇನ್ನಿಲ್ಲ. ಓಡು ಮುಂದಕ್ಕೆ.'

"'ಇಲ್ಲಿ ಯಾರು ನಿಲ್ತಾರೆ?' ಎಂದು ಇವನು ಕೇಳಿದ.

"'ಯಾರನ್ನಾದರೂ ನಿಲ್ಲಿಸ್ತೀವಿ.'

"'ಯಾರಾದರೂ ಅನ್ನೋ ಹೆಸರಿನವನು ನಮ್ಮ ತಂಡದಲ್ಲಿಲ್ಲ' ಎಂದ."

ಗುರುಮಲ್ಲಪ್ಪ ನೆಲ ನೋಡಿದ. ಸ್ವಾಮಿಗಳು ಕತೆ ನಿಲ್ಲಿಸಲಿಲ್ಲ.

"ಅವನು ಅಲ್ಲೇ ನಿಂತ. ಎದುರಾಳಿಗಳು ದೂರದಿಂದ ಚೆಂಡನ್ನು ಎತ್ತರಕ್ಕೆ ಒದ್ದರು. ಅದು ನೇರವಾಗಿ ನಡುವಿನ ಕಂಬಗಳಿಗೇ ಬಂತು. ಹಾರಿ ಹಿಡಿದಿದ್ದರೆ ಇಡೀ ಮೈದಾನ ಎದ್ದು ಕುಣಿಯುತ್ತಿತ್ತು. ಮರುದಿನ ಪತ್ರಿಕೆಯಲ್ಲಿ ಅವನದೇ ಚಿತ್ರ. ಆದರೆ ಮೂವರು ಅವನ ಮೈಮೇಲೆ ಬೀಳುತ್ತಿದ್ದರು. ಕೈಯಿಂದ ಜಾರಿದ ಚೆಂಡನ್ನು ಅವರು ಒಳಕ್ಕೆ ಒದ್ದರೆ ಆರು ಅಂಕ, ಅದರೊಂದಿಗೆ ಪಂದ್ಯ. ಅವನು ಹಿಡಿಯಲು ಹೋಗಲಿಲ್ಲ. ಮುಷ್ಟಿ ಬಿಗಿದು ಚೆಂಡನ್ನು ತನ್ನದೇ ಕಂಬಗಳ ಆಚೆಗೆ ಗುದ್ದಿದ. ಎದುರಾಳಿಗೆ ಒಂದು ಅಂಕ ಬಂತು. ಅಷ್ಟರಲ್ಲಿ ಆಟ ಮುಗಿದ ಸೈರನ್ ಕೂಗಿತು. ಅವನ ತಂಡ ಒಂದು ಅಂಕದಿಂದ ಗೆದ್ದಿತು.

"ಜೊತೆಗಾರರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಬೇಲಿಯಾಚೆಯಿಂದ ಯಾರೋ ಕೂಗಿದ: 'ಅಂತೂ ಹದಿನೈದು ವರ್ಷಕ್ಕೆ ಒಂದು ಅಂಕ ಮಾಡಿದೆಯಲ್ಲೋ, ಅದೂ ಅವರಿಗೆ!' ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ತಾಯಿ.

"ಅವನು ಆಟ ಬಿಟ್ಟು ಎಷ್ಟೋ ವರ್ಷವಾಗಿದೆ. ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದಾನೆ. 'ನಿನ್ನ ಆಟದಲ್ಲಿ ದೊಡ್ಡದು ಯಾವುದಪ್ಪಾ?' ಎಂದು ನಾನು ಕೇಳಿದೆ. ಅವನು ಗ್ರೀಸು ಒರೆಸಿಕೊಂಡು, ಬಲಗೈ ಮುಷ್ಟಿಯನ್ನು ನನ್ನ ಮುಂದೆ ಚಾಚಿದ, ಹೊಸ ಉಂಗುರ ತೋರಿಸುವವರ ಹಾಗೆ."

ಗುರುಮಲ್ಲಪ್ಪನಿಗೆ ಅಂದು ಬೆಳಿಗ್ಗೆ ಮಠಕ್ಕೆ ಬಂದ ಬಸ್ಸು ನೆನಪಾಯಿತು. ಕಂಡಕ್ಟರ್ ಅವನನ್ನು ಗುರುತು ಹಿಡಿದು, ಕೂತಿದ್ದವರಿಗೆಲ್ಲ ಕೇಳುವಂತೆ, "ನಾನು ಇವರ ಸಿ ವಿಭಾಗದವನು" ಎಂದಿದ್ದ. ಆಗ ಇವನು ಕಿಟಕಿಯ ಕಡೆ ತಿರುಗಿಕೊಂಡಿದ್ದ. ಈಗ ಆ ಮಾತು ಬೇರೆಯಾಗಿ ಕೇಳಿಸಿತು. ಆದರೂ ಒಳಗಿದ್ದದ್ದನ್ನು ಬಿಡಲಾರದೆ ಕೇಳಿದ:

"ಅವನು ಗೋಲನ್ನೂ ಬಿಟ್ಟ, ಹೆಸರನ್ನೂ ಬಿಟ್ಟ. ಒಂದು ಗೆಲುವಿಗೆ ಅದು ತೀರಾ ಹೆಚ್ಚಿನ ಬೆಲೆಯಲ್ಲವೇ, ಬುದ್ಧಿ?"

"ತೆತ್ತದ್ದು ಒಂದೇ ಅಂಕ, ಗುರುಮಲ್ಲಪ್ಪ. ಆ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿದ್ದರೆ ಆರು ತೆರಬೇಕಿತ್ತು."