ಕಾಗದದ ಕೊನೆಯ ಸಾಲು

"ಸಾರಾಂಶ ಹೇಳಿದರೆ ಮಕ್ಕಳು ಪಾಸಾಗುತ್ತಾರೆ ಸರ್. ಮತ್ತೆ ಪಾಠವನ್ನು ಸಾಲು ಸಾಲಾಗಿ ಓದಿಸುವುದು ಯಾತಕ್ಕೆ?"

ಕೇಳಿದವಳು ವನಜಾಕ್ಷಿ. ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಅದೇ ಪದ್ಯ, ಅದೇ ಕತೆ, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಒಂದು ಸಾಲು ಓದಿಸುವಷ್ಟರಲ್ಲಿ ಗಂಟಲು ಬತ್ತುತ್ತಿತ್ತು. ಈ ವರ್ಷ ಪುಸ್ತಕವನ್ನೇ ತೆರೆಸದೆ, ಕನ್ನಡದಲ್ಲಿ ಸಾರಾಂಶ ಹೇಳಿ ಉತ್ತರ ಬರೆಸಿಬಿಟ್ಟಳು. ಎಲ್ಲರೂ ಪಾಸಾದರು. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲದೆ, ತನಗೆ ಇಂಗ್ಲಿಷ್ ಕಲಿಸಿದ್ದ ಪುಟ್ಟಮಾದಯ್ಯ ಮೇಷ್ಟ್ರ ಮನೆಗೆ ಬಂದಿದ್ದಳು.

"ನನ್ನ ಸಾರಾಂಶದಲ್ಲಿ ಒಂದು ತಪ್ಪೂ ಇರುವುದಿಲ್ಲ ಸರ್" ಎಂದಳು.

ಮೇಷ್ಟ್ರು ಕತೆ ಹೇಳಿದರು.

ಒಬ್ಬ ಅಂಚೆಯವನಿದ್ದ. ಅವನ ಪಾಲಿಗೆ ಬಂದದ್ದು ಓದುಬಾರದವರ ಊರು. ಕಾಗದ ತರುವವನೂ ಅವನೇ, ಓದಿ ಹೇಳುವವನೂ ಅವನೇ, ಉತ್ತರ ಬರೆಯುವವನೂ ಅವನೇ. ಒಳ್ಳೆಯವನು, ಪಾಪ. ದಿನಕ್ಕೆ ನಲವತ್ತು ಮನೆ ಸುತ್ತಿ ಕಾಲು ಸೋತವು. ಎಲ್ಲರ ಕಾಗದವೂ ಒಂದೇ ಥರ ಕಂಡಿತು. ಬರಬರುತ್ತಾ ಸುಮ್ಮನೆ ಕಣ್ಣಾಡಿಸಿ ಸಾರಾಂಶ ಹೇಳತೊಡಗಿದ.

ಆ ಊರಿನಲ್ಲಿ ಒಬ್ಬ ಹೆಂಗಸು, ಅವಳಿಗೊಬ್ಬ ಪುಟ್ಟ ಮಗಳು. ಗಂಡ ದೂರದ ಗಣಿಯಲ್ಲಿ ಕೆಲಸಕ್ಕಿದ್ದ. ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು.

"ಏನ್ ಬರೆದವ್ರೆ ಅಣ್ಣ?"

"ಚೆನ್ನಾಗವ್ರಂತೆ ಕಣವ್ವ. ನಿಮ್ಮನ್ನೆಲ್ಲ ಕೇಳವ್ರೆ."

"ಇಷ್ಟುದ್ದ ಐತಲ್ಲ, ಅಷ್ಟೇಯಾ?"

"ಅಷ್ಟೇ ಕಣವ್ವ."

"ಹಂಗಾರೆ ನಾವೂ ಚೆನ್ನಾಗಿವಿ ಅಂತ ಬರಿ."

ಅವನು ಹಾಗೇ ಬರೆದು ಹಾಕುತ್ತಿದ್ದ. ಮೂರನೆಯ ವರ್ಷ ಕಾಗದ ನಿಂತಿತು. ಗಂಡನೂ ಬರಲಿಲ್ಲ. ಅವಳು ಕಾದಳು, ಅತ್ತಳು, ಆಮೇಲೆ ಸುಮ್ಮನಾದಳು.

ಮಗಳು ಬೆಳೆದು ಶಾಲೆಗೆ ಹೋಗಿ ಓದು ಕಲಿತಳು. ಒಂದು ದಿನ ಟ್ರಂಕಿನಿಂದ ಹಳೆಯ ಕಾಗದಗಳನ್ನು ತೆಗೆದು ತಾಯಿಗೆ ಅಕ್ಷರ ಬಿಡದೆ ಓದಿ ಹೇಳಿದಳು. ಕ್ಷೇಮವೂ ಇತ್ತು, ಎಲ್ಲರನ್ನೂ ವಿಚಾರಿಸಿದ್ದೂ ಇತ್ತು. ಪ್ರತಿ ಕಾಗದದ ಕೊನೆಗೆ ಮಾತ್ರ ಒಂದೇ ಪ್ರಶ್ನೆ: 'ನಾನು ಹೊರಟ ದಿನ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದು ತಡೆದುಕೊಂಡೆಯಲ್ಲ, ಅದೇನು?' ಕಟ್ಟಕಡೆಯ ಕಾಗದದಲ್ಲಿ, 'ಇನ್ನು ಕೇಳುವುದಿಲ್ಲ' ಎಂದಿತ್ತು.

ತಾಯಿ ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು.

ಮೇಷ್ಟ್ರು ಕತೆ ನಿಲ್ಲಿಸಿದರು. ವನಜಾಕ್ಷಿಗೆ ಸಿಟ್ಟು ಬಂದಿತ್ತು.

"ಅಂಚೆಯವನು ಹಾಗೆ ಸುಳ್ಳು ಹೇಳಬಹುದಾ ಸರ್?"

"ಸುಳ್ಳೆಲ್ಲಿ ಹೇಳಿದನಮ್ಮ? ಅವನ ಸಾರಾಂಶದಲ್ಲೂ ಒಂದು ತಪ್ಪೂ ಇರಲಿಲ್ಲ."