ಮೊಲದ ಮುಂದಿಟ್ಟ ಬಿಳಿ ಹೂವು

“ಟೀಚರ್, ಹೋದ ದಿನಗಳನ್ನು ನೆನೆಸಿಕೊಂಡು ಸಂತೋಷಪಡೋದು ತಪ್ಪಾ?”

ಭಾರ್ಗವಿ ಹೀಗೆ ಕೇಳಿದಾಗ ಶಿಶುವಿಹಾರದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಚಾಪೆಯ ಮೇಲೆ ಬಟ್ಟೆಯ ಚೂರುಗಳೂ ಅರಳೆಯೂ ಬಿದ್ದಿದ್ದವು. ಕನಕಾಂಬ ಟೀಚರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಜಪಾನಿನ ತೂಗುಗೊಂಬೆಗಳನ್ನು ಈ ಶಿಶುವಿಹಾರಕ್ಕೆ ತಂದವರು ಅವರೇ. ಹರೆಯದಲ್ಲಿ ಗಂಡನೊಂದಿಗೆ ಆ ದೇಶದಲ್ಲಿದ್ದಾಗ ಕಲಿತದ್ದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಟ್ಟೆಯ ಗೊಂಬೆಗಳು: ಮೊಲ, ಕೋತಿ, ಹಕ್ಕಿ, ಹಣ್ಣು. ಅವನ್ನು ಕೆಂಪು ದಾರದಲ್ಲಿ ಒಂದರ ಕೆಳಗೊಂದು ಪೋಣಿಸಿ, ಬಿದಿರಿನ ಬಳೆಗೆ ಕಟ್ಟಿ ತೂಗುಹಾಕುವುದು. ಭಾರ್ಗವಿ ಮೊದಲ ಸಲ ಸೂಜಿ ಹಿಡಿದದ್ದೂ ಇದೇ ಚಾಪೆಯ ಮೇಲೆ, ಈ ಟೀಚರ ಮಂಡಿಗೆ ಒರಗಿಕೊಂಡು. ಈಗ ಕಲಿಸುವವಳು ಅವಳು. ವಯಸ್ಸಾಗಿ ಟೀಚರ ಕೈ ನಡುಗುತ್ತಿತ್ತು. ಅವರು ದಿನವೂ ಬಂದು ಕೂತು ಹೋಗುತ್ತಿದ್ದರು, ಅಷ್ಟೆ.

ಅಂದು ಬೆಳಿಗ್ಗೆ ಟೀಚರು ಹೊಲಿಯಲೆಂದು ಬುಟ್ಟಿಯಿಂದ ಬಟ್ಟೆಯ ಒಂದು ಚೂರನ್ನು ಎತ್ತಿಕೊಂಡಿದ್ದರು. ಭಾರ್ಗವಿ ಅದನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡು, “ನಿಮಗ್ಯಾಕೆ ಟೀಚರ್ ಈ ಕಷ್ಟ? ಸೂಜಿ ಗೀಜಿ ಚುಚ್ಚೀತು. ನೀವು ಆರಾಮಾಗಿ ಕೂತಿರಿ” ಎಂದು ಶಾಲು ಹೊದಿಸಿದ್ದಳು. ಆಮೇಲೆ ಮಕ್ಕಳ ಕಡೆ ತಿರುಗಿ, “ನಮ್ಮ ಟೀಚರು ಎಂಥಾ ಗೊಂಬೆ ಹೊಲೀತಿದ್ರು ಗೊತ್ತಾ? ಆಗೆಲ್ಲ ನಾವು…” ಎಂದು ಶುರುಮಾಡುವಷ್ಟರಲ್ಲಿ ಒಬ್ಬ ಪುಟ್ಟ ಹುಡುಗಿ, “ಅಕ್ಕಾ, ಇದನ್ನ ನಿನ್ನೇನೂ ಹೇಳಿದ್ದೆ, ಮೊನ್ನೇನೂ ಹೇಳಿದ್ದೆ!” ಎಂದುಬಿಟ್ಟಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದರು. ಭಾರ್ಗವಿಯ ಕಿವಿ ಬಿಸಿಯಾಗಿತ್ತು. ಆ ನಗು ಅವಳ ತಲೆಯಿಂದ ಇನ್ನೂ ಹೋಗಿರಲಿಲ್ಲ.

ಟೀಚರು, “ಒಂದು ಕತೆ ಹೇಳ್ತೀನಿ ಕೂತ್ಕೋ” ಎಂದರು. ಅವಳು ಚಾಪೆಯ ಮೇಲೆ ಕೂತಳು.

ಜಪಾನಿನ ಕಡಲ ದಂಡೆಯಲ್ಲಿ ಒಂದು ಹಳ್ಳಿ. ಅಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬಳೇ ಮಗಳು.

ಆ ಹಳ್ಳಿಯಲ್ಲಿ ಹೆಣ್ಣು ಮಗು ಹುಟ್ಟಿದರೆ ಮನೆಯ ಹೆಂಗಸರು, ನೆರೆಯ ಹೆಂಗಸರು ಸೇರಿ ಹಳೆಯ ಬಟ್ಟೆಯಲ್ಲಿ ಪುಟ್ಟ ಗೊಂಬೆಗಳನ್ನು ಹೊಲಿಯುತ್ತಿದ್ದರು. ಚಳಿಗಾಲವೆಲ್ಲ ಹೊಲಿದು, ವಸಂತದಲ್ಲಿ ಬರುವ ಹೆಣ್ಣುಮಕ್ಕಳ ಹಬ್ಬದ ದಿನ ಮನೆಯೊಳಗೆ ತೂಗುಹಾಕುತ್ತಿದ್ದರು. ಅಂಗಡಿಯ ಗೊಂಬೆಯನ್ನು ತರಲಾಗದವರು ಕಂಡುಕೊಂಡ ದಾರಿ ಅದು.

ಈ ಮಗಳು ತನ್ನ ಮೊದಲ ಗೊಂಬೆಯನ್ನು ಹೊಲಿದಾಗ ತೀರ ಚಿಕ್ಕವಳು. ಹೊಲಿದದ್ದು ಒಂದು ಮೊಲ. ಅದರ ಒಂದು ಕಿವಿ ತಲೆಯ ಮೇಲಿತ್ತು, ಇನ್ನೊಂದು ಕುತ್ತಿಗೆಗೆ ಬಂದಿತ್ತು. ಅರಳೆ ತುಂಬುವಾಗ, “ಅಮ್ಮಾ, ಇದಕ್ಕೆ ಹೊಟ್ಟೆ ತುಂಬಿತಾ?” ಎಂದು ಕೇಳಿದಳು. ಕೊನೆಯ ದಾರವನ್ನು ಹಾಲುಹಲ್ಲಿನಲ್ಲಿ ಕಚ್ಚಿ ಹರಿದಳು. ಮೊಲವನ್ನು ಹಿಡಿದುಕೊಂಡೇ ತಾಯಿಯ ಮಡಿಲಲ್ಲಿ ನಿದ್ದೆಹೋದಳು. ಕಾಲು ಜೋಮು ಹಿಡಿದರೂ ತಾಯಿ ಅಲುಗಾಡಲಿಲ್ಲ. ಅವಳ ಬದುಕಿನಲ್ಲಿ ಅಷ್ಟು ಸಿಹಿಯಾದ ಸಂಜೆ ಮತ್ತೊಂದು ಬರಲಿಲ್ಲ.

ತಾಯಿ ಆ ಮೊಲವನ್ನು ತನ್ನ ದಾರದ ನಡುವೆ ಪೋಣಿಸಿದಳು. ಪ್ರತಿ ವಸಂತದಲ್ಲೂ ಅದನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ಕೆನ್ನೆಗೆ ಒತ್ತಿಕೊಂಡು, ಮತ್ತೆ ತೂಗುಹಾಕುತ್ತಿದ್ದಳು.

ಮಗಳು ಬೆಳೆದಳು. ಅದೇ ಮನೆಯಲ್ಲಿ ತಾಯಿಯ ಜೊತೆಗೇ ಇದ್ದಳು. ಬೆಳಗಾದರೆ ನೀರು ತರುವವಳು ಅವಳು, ತಾಯಿಯ ಬೆನ್ನು ತಿಕ್ಕುವವಳು ಅವಳು. ಚಳಿಗಾಲದಲ್ಲಿ ಊರಿನ ಮಕ್ಕಳು ಗೊಂಬೆ ಕಲಿಯಲು ಬರುತ್ತಿದ್ದರು. ಆಗ ಬಟ್ಟೆ ಕತ್ತರಿಸಿ ಕೊಡುವವಳು, ಸೂಜಿಗೆ ದಾರ ಪೋಣಿಸಿ ಕೊಡುವವಳು ಅವಳೇ. ತಾಯಿ ಮಕ್ಕಳ ನಡುವೆ ಕೂತು ಮೊಲವನ್ನು ತೋರಿಸುತ್ತಿದ್ದಳು. “ನೋಡಿ, ಇದು ನನ್ನ ಮಗಳು ಹೊಲಿದದ್ದು. ಎಂಥ ಮಗು ಅಂತೀರಿ! ಇದಕ್ಕೆ ಹೊಟ್ಟೆ ತುಂಬಿತಾ ಅಂತ ಕೇಳಿದ್ದಳು.” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಬರುತ್ತಿತ್ತು.

ಮಗಳೂ ಪ್ರತಿ ವರ್ಷ ಒಂದು ಗೊಂಬೆ ಹೊಲಿಯುತ್ತಿದ್ದಳು. ಒಂದು ವರ್ಷ ಕೊಕ್ಕರೆ, ಒಂದು ವರ್ಷ ಮೀನು. ತಾಯಿಯ ದಾರದಲ್ಲಿ ತನ್ನದೂ ಒಂದು ತೂಗಲಿ ಎಂಬುದೊಂದೇ ಅವಳ ಆಸೆ. ಹೊಲಿದದ್ದನ್ನು ತಂದು ತೋರಿಸಿದರೆ ತಾಯಿ ಒಮ್ಮೆ ತಿರುಗಿಸಿ ನೋಡಿ, “ಚೆನ್ನಾಗಿದೆ. ದಾರದಲ್ಲಿ ಜಾಗ ಎಲ್ಲಿದೆ ಹೇಳು? ಅಲ್ಲಿಡು” ಎನ್ನುತ್ತಿದ್ದಳು. ಮಗಳು ಬುಟ್ಟಿಯಲ್ಲಿಡುತ್ತಿದ್ದಳು. ಬುಟ್ಟಿ ತುಂಬುತ್ತಾ ಬಂತು.

ಒಂದು ಚಳಿಗಾಲ, ಹೊಸದಾಗಿ ಬಂದ ಒಬ್ಬ ಹುಡುಗಿ ಮೊಲದ ಕತೆಯನ್ನು ಬಾಯಿ ಬಿಟ್ಟುಕೊಂಡು ಕೇಳಿದಳು. ಕೇಳಿ, “ಅಜ್ಜೀ, ಆ ಮಗು ಈಗ ಎಲ್ಲಿದೆ?” ಎಂದಳು.

ತಾಯಿ ನಿಟ್ಟುಸಿರು ಬಿಟ್ಟಳು. “ಅದೆಲ್ಲಿದೆ ಕಂದಾ? ಹೊರಟುಹೋಯಿತು. ಮತ್ತೆ ಬರುವುದಿಲ್ಲ.”

ಮಗಳು ಪಕ್ಕದಲ್ಲೇ ಕೂತು ಬಟ್ಟೆ ಕತ್ತರಿಸುತ್ತಿದ್ದಳು. ಅವಳ ಕತ್ತರಿ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಹಬ್ಬ ಬಂತು. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಗುಲಾಬಿ ಬಣ್ಣದ ಹೂಗೊಂಬೆಗಳನ್ನು ಹಿಡಿದುಕೊಂಡು ಬಂದರು. ಆ ಹುಡುಗಿ ಮಾತ್ರ ಒಂದು ಬಿಳಿ ಹೂವನ್ನು ತಂದಿದ್ದಳು. ತೂಗುವ ಮೊಲದ ನೇರ ಕೆಳಗೆ ಅದನ್ನಿಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ತೀರಿಕೊಂಡವರಿಗೆ ಮನೆಯಲ್ಲಿ ದೊಡ್ಡವರು ಹಾಗೆ ಮಾಡುವುದನ್ನು ಅವಳು ನೋಡಿದ್ದಳು.

ತಾಯಿ ಗಾಬರಿಯಾಗಿ, “ಹಬ್ಬದ ದಿನ ಇದೇನೇ ಮಾಡಿದೆ?” ಎಂದಳು.

“ನಿಮ್ಮ ಸತ್ತುಹೋದ ಮಗಳಿಗೆ, ಅಜ್ಜೀ.”

“ಅಯ್ಯೋ, ಬಿಡ್ತು ಅನ್ನು! ಅವಳ್ಯಾಕೆ ಸಾಯ್ತಾಳೆ? ಇಲ್ಲೇ ಕೂತಿದ್ದಾಳಲ್ಲ!”

ಹುಡುಗಿ ತಾಯಿ ತೋರಿಸಿದ ಕಡೆ ನೋಡಿದಳು. ನೋಡಿ ತಲೆಯಲ್ಲಾಡಿಸಿದಳು. “ಸುಳ್ಳು. ಇವರು ಸೂಜಿ ಪೋಣಿಸಿಕೊಡೋರು. ನೀವು ಯಾವತ್ತೂ ಇವರನ್ನ ಮಗಳು ಅಂದೇ ಇಲ್ಲ.”

ತಾಯಿ ಹುಡುಗಿ ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದಳು, ಸಿಗಲಿಲ್ಲ. ಆಗ ಅವಳು ಮಗಳ ಕಡೆ ನೋಡಿದಳು. ಮಗಳ ಕಿವಿಯ ಹತ್ತಿರ ಕೂದಲು ನೆರೆತಿತ್ತು. ಅದು ನೆರೆತದ್ದು ಯಾವಾಗ ಎಂದು ತಾಯಿಗೆ ಗೊತ್ತಿರಲಿಲ್ಲ.

ಮಗಳು ಎದ್ದುಬಂದು ಆ ಬಿಳಿ ಹೂವನ್ನು ಎತ್ತಿಕೊಂಡಿದ್ದಳು. ಎಸೆದರೆ ಹುಡುಗಿಗೆ ಬೇಸರವಾದೀತು, ಅಲ್ಲೇ ಬಿಟ್ಟರೆ ತಾಯಿಗೆ. ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತಿದ್ದಳು.

ತಾಯಿ ಅವಳ ಹತ್ತಿರ ಹೋದಳು. ಹೂವನ್ನು ತಾನು ತೆಗೆದುಕೊಂಡಳು. “ಈ ವರ್ಷ ಏನು ಹೊಲಿದೆ ಮಗಳೇ?” ಎಂದು ಕೇಳಿದಳು.

ಕನಕಾಂಬ ಟೀಚರು ಅಲ್ಲಿಗೆ ನಿಲ್ಲಿಸಿದರು.

ಭಾರ್ಗವಿ ಕೆಳಗೆ ನೋಡುತ್ತಾ ಅರಳೆಯನ್ನು ಬೆರಳಲ್ಲಿ ಹಿಂಜುತ್ತಿದ್ದಳು. ಆ ಮಗಳ ಬಗ್ಗೆ ಅವಳಿಗೆ ಅಯ್ಯೋ ಎನಿಸಿತ್ತು. ಆ ತಾಯಿಯ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು. ಪಕ್ಕದಲ್ಲೇ ಇರುವವಳು ಒಬ್ಬರಿಗೆ ಕಾಣದೆ ಹೋಗುವುದು ಹೇಗೆ ಎಂದು ಅವಳು ಯೋಚಿಸಿದಳು.

“ಹಾಗಾದ್ರೆ ನೆನೆಸ್ಕೊಳ್ಳಲೇಬಾರದು ಅಂತೀರಾ ಟೀಚರ್?” ಎಂದಳು. “ನನಗಂತೂ ಆಗಲ್ಲ. ಆಗ ನಿಮ್ಮ ಕೈ ಹೇಗೆ ಓಡ್ತಿತ್ತು! ನೀವು ಹೊಲೀತಿದ್ದ ಹಕ್ಕಿ ಈಗಲೂ ನನ್ನ ಕಣ್ಣ ಮುಂದಿದೆ. ಅದನ್ನೆಲ್ಲ ಹೇಗೆ ಮರೀಲಿ?”

ಟೀಚರು ಶಾಲನ್ನು ಹೆಗಲಿಂದ ತೆಗೆದು ಕುರ್ಚಿಯ ಕೈಗೆ ಹಾಕಿದರು. ನಡುಗುವ ಕೈಯನ್ನು ಅವಳ ಮುಂದೆ ಚಾಚಿದರು.

“ಮರೀಬೇಡ ಮಗಳೇ. ಆದ್ರೆ ನನ್ನ ಮುಂದೆ ಹೂವಿಡಬೇಡ, ಒಂದು ತುಂಡು ಬಟ್ಟೆ ಇಡು.”